ಸತ್ತ ಹಕ್ಕಿಯ ಕಾಲಿಗೆ ಕಟ್ಟಿದ ಚೀಟಿ

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಕಳೆದ ಸಲದ ಶೈಕ್ಷಣಿಕ ಪ್ರವಾಸದಲ್ಲಿ ಮಕ್ಕಳನ್ನು ಮೈಸೂರಿನ ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, “ಸಾರ್, ಮ್ಯೂಸಿಯಂಗಳಲ್ಲಿ ಪ್ರಾಣಿಗಳನ್ನ ಸಾಯಿಸಿ ಯಾಕೆ ಇಡ್ತಾರೆ? ನಮ್ಮನೆ ತೋಟಕ್ಕೆ ಬನ್ನಿ, ಜೀವಂತ ಇರೋದನ್ನೇ ತೋರಿಸ್ತೀನಿ” ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಫೋಟೋ ತೆಗೆದರೆ ಸಾಲದೇ? ಜೀವವೈವಿಧ್ಯದ ಪಾಠಕ್ಕೆ ಮ್ಯೂಸಿಯಂನಿಂದ ನಿಜವಾಗಿ ಏನು ಪ್ರಯೋಜನ? ಮುಂದಿನ ವರ್ಷ ಹೋಗುವುದಾದರೆ ಹೇಗೆ ಹೋಗಬೇಕು?

ಉತ್ತರ: ಮೇಷ್ಟ್ರೇ, ಆ ಹುಡುಗಿಯ ಪ್ರಶ್ನೆಯನ್ನು ಹಾರಿಕೆಯ ಮಾತಿನಲ್ಲಿ ಮುಗಿಸಬೇಡಿ. ಮ್ಯೂಸಿಯಂಗಳಲ್ಲಿ ಕೆಲಸ ಮಾಡುವವರೇ ಇವತ್ತಿಗೂ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆ ಅದು. ಅವಳಿಗೆ ಕೊಡಬೇಕಾದ ಉತ್ತರದ ಅರ್ಧ ಭಾಗ ನಿಮ್ಮ ತಾಲ್ಲೂಕಿನಲ್ಲೇ, ಶಿರಾಡಿ ಘಾಟಿಯ ಕೆಂಪುಹೊಳೆಯಲ್ಲಿ ಇದೆ. ಅಲ್ಲಿಗೆ ಬರುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ.

ಗಾಜಿನ ಹಿಂದೆ ಕಾಣುವ ಪ್ರಾಣಿಗಳೆಲ್ಲ ಒಂದೇ ಜಾತಿಯ ವಸ್ತುಗಳಲ್ಲ. ನೀವು ಮೈಸೂರಿನಲ್ಲಿ ನೋಡಿದ ಹಲವು ಪ್ರಾಣಿಗಳು ಪ್ರತಿಕೃತಿಗಳು. ಕಾಡಿನ ಒಂದು ತುಣುಕನ್ನು ಕಣ್ಣಿಗೆ ಕಟ್ಟಿಸಲು ಕಲಾವಿದರು ಮಾಡಿದವು. ಅವುಗಳಿಗಾಗಿ ಯಾವ ಪ್ರಾಣಿಯೂ ಸಾಯಲಿಲ್ಲ. ಎರಡನೆಯದು, ಅರಮನೆ, ಬಂಗಲೆ, ಕ್ಲಬ್ಬುಗಳ ಗೋಡೆಯ ಮೇಲೆ ಹಲ್ಲು ಕಿರಿಯುವ ಹುಲಿಯ ತಲೆ. ಈ ಕಸುಬಿಗೆ ಮೈಸೂರೇ ಲೋಕಪ್ರಸಿದ್ಧವಾಗಿತ್ತು. ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ 20ನೇ ಶತಮಾನದ ಆರಂಭದಿಂದ 1999ರವರೆಗೆ ಇಲ್ಲಿ ನಡೆಯಿತು. ಮಹಾರಾಜರು, ವೈಸರಾಯರು ಹೊಡೆದ ಹುಲಿ ಚಿರತೆಗಳು ಸಾವಿರಗಟ್ಟಲೆ ಅಲ್ಲಿ ಹದಗೊಂಡವು. ಅದು ಶಿಕಾರಿಯ ನೆನಪು. ಕೈಚಳಕ ಅದ್ಭುತ, ಒಪ್ಪುತ್ತೇನೆ, ಆದರೆ ವಿಜ್ಞಾನಕ್ಕೆ ಅದರಿಂದ ಸಿಗುವುದು ಕಡಿಮೆ. ಮೂರನೆಯದು ಸಂಶೋಧನಾ ಸಂಗ್ರಹ. ಇದನ್ನು ಸಾಮಾನ್ಯ ಪ್ರೇಕ್ಷಕರು ನೋಡುವುದೇ ಇಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಸುಮಾರು 8 ಕೋಟಿ ಮಾದರಿಗಳಿವೆ, ಅಂದರೆ ಸಂಗ್ರಹಿಸಿಟ್ಟ ನಿಜವಾದ ಪ್ರಾಣಿ, ಗಿಡ, ಪಳೆಯುಳಿಕೆ ಮುಂತಾದವು. ಟಿಕೆಟ್ ಪಡೆದು ಒಳಹೋದವರ ಕಣ್ಣಿಗೆ ಬೀಳುವುದು ಅದರಲ್ಲಿ ಚೂರೇ ಚೂರು. ಉಳಿದದ್ದೆಲ್ಲ ಬೀರುಗಳಲ್ಲಿ, ಡ್ರಾಯರುಗಳಲ್ಲಿ, ಆಲ್ಕೋಹಾಲ್ ತುಂಬಿದ ಬಾಟಲಿಗಳಲ್ಲಿ.

ಅಂಥ ಡ್ರಾಯರೊಂದನ್ನು ಮೊದಲ ಸಲ ಎಳೆದು ನೋಡಿದವರಿಗೆ ನಿರಾಸೆಯೇ ಆಗುತ್ತದೆ. ಹಕ್ಕಿಗಳು ಬೆನ್ನಿನ ಮೇಲೆ ಅಂಗಾತ, ಒಂದರ ಪಕ್ಕ ಒಂದು, ರೆಕ್ಕೆ ಮಡಚಿಕೊಂಡು ಮಲಗಿರುತ್ತವೆ. ಕೊಂಬೆ ಮೇಲೆ ಕೂತ ಭಂಗಿ ಇಲ್ಲ, ಗಾಜಿನ ಕಣ್ಣಿಲ್ಲ. ಕಣ್ಣಿನ ಜಾಗದಲ್ಲಿ ಬಿಳಿ ಹತ್ತಿ. ಕಾಲುಗಳನ್ನು ಒಂದರ ಮೇಲೊಂದು ಇಟ್ಟು ದಾರದಿಂದ ಕಟ್ಟಿ, ಅದಕ್ಕೊಂದು ಚೀಟಿ ತೂಗು ಹಾಕಿರುತ್ತಾರೆ. ಎಲ್ಲಿ ಸಿಕ್ಕಿತು, ಯಾವ ದಿನ, ಗಂಡೋ ಹೆಣ್ಣೋ, ತೂಕ ಎಷ್ಟು, ಸಂಗ್ರಹಿಸಿದವರು ಯಾರು, ಎಲ್ಲವೂ ಆ ಚೀಟಿಯಲ್ಲಿ. ಇಡೀ ವ್ಯವಹಾರದಲ್ಲಿ ಹಕ್ಕಿಯಷ್ಟೇ ಬೆಲೆ ಆ ಚೀಟಿಗೂ ಇದೆ. ಚೀಟಿ ಕಿತ್ತುಹೋದ ಮಾದರಿ ಪಹಣಿ ಇಲ್ಲದ ಜಮೀನಿನಂತೆ: ಎದುರಿಗೇ ಇದೆ, ಆದರೆ ಅದರ ಬಗ್ಗೆ ಏನನ್ನೂ ಸಾಧಿಸಿ ತೋರಿಸಲಾಗದು.

ಈಗ ಕೆಂಪುಹೊಳೆಗೆ ಬರೋಣ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ.ಆರ್. ನಾರಾಯಣ ರಾವ್ ಎಂಬ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಿದ್ದರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಭಾರತದ ಕಪ್ಪೆಗಳ ಬಗ್ಗೆ ಬ್ರಿಟಿಷ್ ಅಧಿಕಾರಿಗಳು, ಲಂಡನ್ನಿನ ಪಂಡಿತರು ಬರೆಯುತ್ತಿದ್ದ ಕಾಲದಲ್ಲಿ ಇಲ್ಲೇ ಕೂತು ಹೊಸ ಪ್ರಭೇದಗಳನ್ನು ಗುರುತಿಸಿ ಹೆಸರಿಟ್ಟ ಮೊದಲಿಗರಲ್ಲಿ ಅವರೊಬ್ಬರು. 1937ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಹಾಸನ ಜಿಲ್ಲೆಯ ಕೆಂಪುಹೊಳೆ ಘಾಟಿಯಿಂದ ಸಿಕ್ಕ ಕಪ್ಪೆಗಳ ವರ್ಣನೆ ಇದೆ. ಅದರಲ್ಲೊಂದು ಪುಟ್ಟ ಇರುಳುಗಪ್ಪೆ. ಅದರ ವೈಜ್ಞಾನಿಕ ಹೆಸರಿನಲ್ಲೇ ನಿಮ್ಮ ಹೊಳೆಯ ಹೆಸರಿದೆ: ನಿಕ್ಟಿಬ್ಯಾಟ್ರಾಕಸ್ ಕೆಂಪೊಲೆಯೆನ್ಸಿಸ್. ನಿಮ್ಮ ಮಕ್ಕಳಲ್ಲಿ ಎಷ್ಟು ಜನ ಬಸ್ಸಿನಲ್ಲಿ ಆ ಹೊಳೆ ದಾಟಿ ಮಂಗಳೂರಿಗೆ ಹೋಗಿಲ್ಲ?

ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಪದ್ಧತಿ ಇದೆ. “ನಾನು ಈ ಹೆಸರು ಕೊಡುತ್ತಿರುವುದು ಈ ಕಪ್ಪೆಗೆ” ಎಂದು ಒಂದು ಮಾದರಿಯನ್ನು ಬೆರಳಿಟ್ಟು ತೋರಿಸಬೇಕು. ಅದನ್ನು ಹೋಲೋಟೈಪ್ ಅನ್ನುತ್ತಾರೆ. ಕನ್ನಡದಲ್ಲಿ ಮೂಲಮಾದರಿ ಅನ್ನೋಣ. ಮುಂದೆ ಯಾರಿಗೇ ಅನುಮಾನ ಬರಲಿ, ಆ ಮೂಲಮಾದರಿಯ ಪಕ್ಕ ತಮ್ಮ ಕಪ್ಪೆಯನ್ನಿಟ್ಟು ಹೋಲಿಸಿ ನೋಡಬೇಕು. ನಾರಾಯಣ ರಾಯರ ಮೂಲಮಾದರಿಗಳು ಸೆಂಟ್ರಲ್ ಕಾಲೇಜಿನಲ್ಲಿದ್ದವು. ಇವತ್ತು ಅವು ಇಲ್ಲ, ಕಳೆದುಹೋಗಿವೆ. ಉಳಿದದ್ದು ಪ್ರಬಂಧದ ಮಾತುಗಳು ಮತ್ತು ಚಿತ್ರಗಳು ಮಾತ್ರ.

ಅದರಿಂದ ಏನಾಯಿತು ನೋಡಿ. ಇರುಳುಗಪ್ಪೆಗಳು ಮೇಲ್ನೋಟಕ್ಕೆ ಒಂದೇ ತರಹ: ಕಂದು ಬಣ್ಣ, ಸುಕ್ಕು ಚರ್ಮ, ಹಳ್ಳದ ಕಲ್ಲಿನ ಸಂದಿಯಲ್ಲಿ ವಾಸ. ಪಶ್ಚಿಮ ಘಟ್ಟದ ಒಂದೊಂದು ಹಳ್ಳದಲ್ಲೂ ಸಿಗುವ ಇಂಥ ಕಪ್ಪೆಗಳಲ್ಲಿ ರಾಯರು 1937ರಲ್ಲಿ ಕಂಡದ್ದು ಯಾವುದು? ಹೋಲಿಸಲು ಮೂಲವೇ ಇಲ್ಲ. ದಶಕಗಟ್ಟಲೆ ಆ ಹೆಸರುಗಳು ಪುಸ್ತಕದಲ್ಲಿ ಇದ್ದವು, ಕಪ್ಪೆಗಳು ಹೊಳೆಯಲ್ಲಿ ಇದ್ದವು, ಎರಡನ್ನೂ ಕೂಡಿಸುವ ಕೊಂಡಿ ಮಾತ್ರ ಇರಲಿಲ್ಲ. 2011ರಲ್ಲಿ ಕಪ್ಪೆಗಳ ತಜ್ಞ ಎಸ್.ಡಿ. ಬಿಜು ಮತ್ತು ಸಂಗಡಿಗರು ಇಡೀ ಇರುಳುಗಪ್ಪೆ ಕುಲವನ್ನು (ಕುಲ ಎಂದರೆ ಹತ್ತಿರದ ನಂಟಿನ ಪ್ರಭೇದಗಳ ಗುಂಪು) ಹೊಸದಾಗಿ ಪರಿಶೀಲಿಸಿ 12 ಹೊಸ ಪ್ರಭೇದಗಳನ್ನು ಹೆಸರಿಸಿದರು. ಅದರ ಜೊತೆಗೆ, ಕಣ್ಮರೆಯಾಗಿವೆ ಎಂದುಕೊಂಡಿದ್ದ ಮೂರು ಪ್ರಭೇದಗಳು ಮರಳಿ ಸಿಕ್ಕವು ಎಂದು ವರದಿ ಮಾಡಿದರು. ಕೆಂಪುಹೊಳೆಯದೂ ಅದರಲ್ಲಿ ಒಂದು, ಕೊಡಗಿನದು ಇನ್ನೊಂದು. ಕೆಂಪುಹೊಳೆಯದು ಏಳು ದಶಕಗಳ ನಂತರ! ಕಪ್ಪೆ ಎಲ್ಲಿಗೂ ಹೋಗಿರಲಿಲ್ಲ ಎಂದು ನಿಮ್ಮ ಊರಿನವರು ನಗಬಹುದು. ಅದು ಅದೇ ಎಂದು ಹೇಳುವ ಆಧಾರ ಹೋಗಿತ್ತು, ಅಷ್ಟೆ. (ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ 2010ರಲ್ಲಿ ರಾಓರ್ಕೆಸ್ಟಿಸ್ ಎಂದು ರಾಯರ ಹೆಸರನ್ನೇ ಇಟ್ಟಿದ್ದಾರೆ. ಮಕ್ಕಳಿಗೆ ಇದನ್ನೂ ಹೇಳಿ. ವಿಜ್ಞಾನಿ ಎಂದರೆ ದೂರದೇಶದವರೇ ಎಂಬ ಭಾವನೆ ಸ್ವಲ್ಪ ಸಡಿಲವಾಗಲಿ.)

ಇದೇ ಹಾಸನ ಜಿಲ್ಲೆಯಿಂದ ಇನ್ನೊಂದು ಸಂಗ್ರಹವೂ ನಡೆದಿದೆ, ಅದರ ಗತಿ ಬೇರೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸ್ವಿಟ್ ಪಾದ್ರಿ, ಸಸ್ಯಶಾಸ್ತ್ರಜ್ಞ ಸೆಸಿಲ್ ಸಲ್ಡಾನ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬೃಹತ್ ಗ್ರಂಥ ಹೊರತಂದರು. ಅದಕ್ಕಾಗಿ ಘಾಟಿಯ ಮಳೆಕಾಡಿನಿಂದ ಹಿಡಿದು ಬಯಲುಸೀಮೆ ಕಡೆಯ ಕುರುಚಲಿನವರೆಗೆ ಗಿಡಗಳನ್ನು ಕಿತ್ತು, ಒತ್ತಿ, ಒಣಗಿಸಿ ಹಾಳೆಗೆ ಹಚ್ಚಿದರು. ಹಾಗೆ ಒಣಗಿಸಿದ ಗಿಡಗಳ ಭಂಡಾರಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಸಲ್ಡಾನ ಕಟ್ಟಿದ ಆ ಹರ್ಬೇರಿಯಂ ಇವತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದೆ. ‘ಜೆಸಿಬಿ’ ಎಂಬ ಸಂಕೇತಾಕ್ಷರದಿಂದ ಜಗತ್ತಿನ ಸಸ್ಯಶಾಸ್ತ್ರಜ್ಞರು ಅದನ್ನು ಗುರುತಿಸುತ್ತಾರೆ. (ಮಣ್ಣು ಅಗೆಯುವ ಯಂತ್ರದ ಹೆಸರೂ ಅದೇ ಆಗಿರುವುದು ವಿಪರ್ಯಾಸ.) ನಿಮ್ಮ ತಾಲ್ಲೂಕಿನಲ್ಲಿ ಐವತ್ತು ವರ್ಷದ ಹಿಂದೆ ಯಾವ ಮರ ಯಾವ ತಿಂಗಳಲ್ಲಿ ಹೂ ಬಿಟ್ಟಿತ್ತು ಎಂಬುದಕ್ಕೆ ಅಲ್ಲಿ ಕೈಯಲ್ಲಿ ಹಿಡಿದು ತೋರಿಸುವ ಪುರಾವೆ ಇದೆ. ಅಂದಿನಿಂದ ಈಚೆಗೆ ಕಾಫಿ ತೋಟ ಬೆಳೆಯಿತು, ರಸ್ತೆ ಅಗಲವಾಯಿತು, ಪೈಪು ಹಾದುಹೋಯಿತು. ಬದಲಾದದ್ದು ಎಷ್ಟು ಎಂದು ಲೆಕ್ಕ ಹಾಕಲು ಆ ಹಾಳೆಗಳೇ ಬೇಕು.

ಚೀಟಿ ಕಳೆದರೆ ಇಷ್ಟು ಕಷ್ಟ, ಚೀಟಿಯೇ ಸುಳ್ಳಾದರೆ? ಈ ಕಥೆಯನ್ನು ನಿಮ್ಮ ತರಗತಿಯಲ್ಲಿ ಪತ್ತೇದಾರಿ ಕಥೆಯಂತೆಯೇ ಹೇಳಬಹುದು. ಮಧ್ಯ ಭಾರತದ ಕಾಡಿನಲ್ಲಿ ಫಾರೆಸ್ಟ್ ಔಲೆಟ್ ಎಂಬ ಒಂದು ಪುಟ್ಟ ಗೂಬೆ. 1873ರಲ್ಲಿ ಅದನ್ನು ವರ್ಣಿಸಿದವರು ಎ.ಓ. ಹ್ಯೂಮ್, ಕಾಂಗ್ರೆಸ್ ಕಟ್ಟಿದ ಅದೇ ಹ್ಯೂಮ್. 1884ರ ನಂತರ ಅದು ಯಾರಿಗೂ ಸಿಗಲಿಲ್ಲ. ಒಬ್ಬರಿಗೆ ಮಾತ್ರ ಸಿಕ್ಕಿತ್ತು: 1914ರಲ್ಲಿ ಗುಜರಾತಿನಲ್ಲಿ ಹೊಡೆದದ್ದೆಂದು ರಿಚರ್ಡ್ ಮೈನರ್ಟ್ಸ್‌ಹಾಗೆನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಚೀಟಿ ಬರೆದಿದ್ದ. ಅವನು ಪಕ್ಷಿಲೋಕದಲ್ಲಿ ದೊಡ್ಡ ಹೆಸರು. ಹಾಗಾಗಿ ಗೂಬೆ ಹುಡುಕಿ ಹೊರಟವರಿಗೆ ಆ ಚೀಟಿಯೂ ಒಂದು ದಾರಿಸೂಚಿಯಾಯಿತು, ಹೋದವರು ಬರಿಗೈಯಲ್ಲಿ ಬಂದರು. 1990ರ ದಶಕದಲ್ಲಿ ಪಕ್ಷಿವಿಜ್ಞಾನಿಗಳಾದ ಪಮೇಲಾ ರಾಸ್ಮುಸೆನ್ ಮತ್ತು ನೈಜೆಲ್ ಕಾಲರ್ ಆ ಮಾದರಿಯನ್ನೇ ಕೂಲಂಕಷವಾಗಿ ಪರೀಕ್ಷಿಸಿದರು, ಎಕ್ಸ್‌ರೇ ತೆಗೆಸಿದರು. ಹಳೆಯ ಹೊಲಿಗೆ ಬಿಚ್ಚಿ ಮತ್ತೆ ತುಂಬಿದ ಕುರುಹು ಕಂಡಿತು. ಚರ್ಮ ಸುಲಿದು ಹದಮಾಡಿದ ಕೈವಾಡ ಮೈನರ್ಟ್ಸ್‌ಹಾಗೆನ್‌ನದಲ್ಲ, 1880ರ ದಶಕದಲ್ಲಿ ಮಹಾರಾಷ್ಟ್ರದ ಖಾನದೇಶದಲ್ಲಿ ಇದೇ ಗೂಬೆಗಳನ್ನು ಸಂಗ್ರಹಿಸಿದ್ದ ಜೇಮ್ಸ್ ಡೇವಿಡ್‌ಸನ್‌ರದು. ಮ್ಯೂಸಿಯಂನಿಂದ ಕದ್ದ ಹಕ್ಕಿಗೆ ಹೊಸ ಚೀಟಿ ಕಟ್ಟಲಾಗಿತ್ತು!

ಆ ಸುಳ್ಳು ಚೀಟಿಯನ್ನು ಪಕ್ಕಕ್ಕಿಟ್ಟು, ನಿಜವಾದ ಹಳೆಯ ಚೀಟಿಗಳಲ್ಲಿದ್ದ ಊರುಗಳನ್ನೇ ಹಿಡಿದು ರಾಸ್ಮುಸೆನ್ ಮತ್ತು ಇಬ್ಬರು ಸಂಗಾತಿಗಳು ಭಾರತಕ್ಕೆ ಬಂದರು. 1997ರ ನವೆಂಬರ್ 25ರಂದು ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ ಗೂಬೆ ಕೂತಿತ್ತು. 113 ವರ್ಷಗಳ ಬಳಿಕ. ಡೇವಿಡ್‌ಸನ್‌ಗೂ ಕನ್ನಡ ನಾಡಿಗೂ ನಂಟಿದೆ: ಆತ ಮುಂದೆ ಉತ್ತರ ಕನ್ನಡದ ಕಲೆಕ್ಟರ್ ಆಗಿ ಕಾರವಾರಕ್ಕೆ ಬಂದರು. ಅರಣ್ಯಾಧಿಕಾರಿ ಟಿ.ಆರ್. ಬೆಲ್, ಉಪ್ಪಿನ ಇಲಾಖೆಯ ಇ.ಎಚ್. ಐಟ್ಕನ್ ಜೊತೆ ಸೇರಿ ಆ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1890ರ ದಶಕದಲ್ಲಿ ಲೇಖನಮಾಲೆ ಬರೆದರು. ಕಂಬಳಿಹುಳ ತಂದು ಸಾಕಿ, ಯಾವ ಹುಳ ಯಾವ ಗಿಡದ ಎಲೆ ತಿಂದು ಯಾವ ಚಿಟ್ಟೆಯಾಗುತ್ತದೆ ಎಂದು ಕಂಡುಕೊಂಡು ಬರೆದದ್ದು ಅದು. ಇಂದಿಗೂ ಚಿಟ್ಟೆಯವರು ಅದನ್ನು ತಿರುವಿ ನೋಡುತ್ತಾರೆ.

ಆದರೆ ನನ್ನನ್ನು ಕೇಳಿದರೆ, ಸಂಗ್ರಹಗಳ ದೊಡ್ಡ ಉಪಯೋಗ ಹೆಸರಿಡುವುದಲ್ಲ. ಇಟ್ಟವರಿಗೆ ಕನಸಿನಲ್ಲೂ ಹೊಳೆಯದ ಪ್ರಶ್ನೆಗಳಿಗೆ ಅವು ಮುಂದೊಂದು ದಿನ ಉತ್ತರ ಕೊಡುತ್ತವೆ. ಹಕ್ಕಿಯ ಮೊಟ್ಟೆ ಕದ್ದು ಕೂಡಿಡುವುದು ಇಂಗ್ಲೆಂಡಿನಲ್ಲಿ ಒಂದು ಕಾಲದ ಶೋಕಿ, ಈಗ ಅಪರಾಧ. 1960ರ ದಶಕದಲ್ಲಿ ಪೆರೆಗ್ರಿನ್ ಡೇಗೆಗಳು ಗೂಡಿನಲ್ಲೇ ತಮ್ಮ ಮೊಟ್ಟೆ ಒಡೆದುಕೊಳ್ಳುತ್ತಿದ್ದವು, ಸಂತತಿ ಕುಸಿಯುತ್ತಿತ್ತು. ಬ್ರಿಟಿಷ್ ಪಕ್ಷಿವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್ ಹಳೆಯ ಸಂಗ್ರಹಗಳ ಮೊಟ್ಟೆಗಳನ್ನು ತೂಗಿ ಅಳೆದು ನೋಡಿದರು. 1947ರ ಆಸುಪಾಸಿನಿಂದ ಚಿಪ್ಪು ದಿಢೀರನೆ ತೆಳುವಾಗಿತ್ತು. ಡಿಡಿಟಿ ಬಳಕೆ ಹರಡಿದ ಕಾಲ ಅದೇ. 1967ರಲ್ಲಿ ಪ್ರಕಟವಾದ ಆ ಅಳತೆಗಳು ಮುಂದೆ ಆ ಕೀಟನಾಶಕದ ನಿಷೇಧಕ್ಕೆ ದಾರಿ ಮಾಡಿದ ಪುರಾವೆಗಳಲ್ಲಿ ಸೇರಿಕೊಂಡವು. ಮೊಟ್ಟೆ ಕದ್ದ ಪಡ್ಡೆಗಳಿಗೆ ಡಿಡಿಟಿ ಎಂಬ ಹೆಸರೇ ಗೊತ್ತಿರಲಿಲ್ಲ. ಹಾಗೆಯೇ ಅಮೆರಿಕದ ಮ್ಯೂಸಿಯಂಗಳ 1,300ಕ್ಕೂ ಹೆಚ್ಚು ಹಕ್ಕಿಗಳ ಎದೆಗರಿಯ ಕಪ್ಪನ್ನು ಅಳೆದು, 135 ವರ್ಷಗಳಲ್ಲಿ ಕಲ್ಲಿದ್ದಲ ಮಸಿ ಗಾಳಿಯಲ್ಲಿ ಹೇಗೆ ಏರಿತು, ಹೇಗೆ ಇಳಿಯಿತು ಎಂದು 2017ರಲ್ಲಿ ಇಬ್ಬರು ಸಂಶೋಧಕರು ತೋರಿಸಿದರು. ಕಾರ್ಖಾನೆ ಪ್ರದೇಶದ ಹಳೆಯ ಹಕ್ಕಿಗಳ ಮೈ ಮಸಿಯಿಂದ ಮಂಕಾಗಿತ್ತು. ಗಾಳಿಯ ಗುಣಮಟ್ಟ ಅಳೆಯುವ ಯಂತ್ರ ಹುಟ್ಟುವ ಮೊದಲಿನ ಲೆಕ್ಕ ಹಕ್ಕಿಯ ಗರಿಯಲ್ಲಿ ಉಳಿದಿತ್ತು.

ಫೋಟೋ ಸಾಲದೇ ಎಂಬ ನಿಮ್ಮ ಮಾತಿಗೆ ಉತ್ತರವೂ ಇಲ್ಲೇ ಇದೆ. ಫೋಟೋದಲ್ಲಿ ತೆಗೆದವನಿಗೆ ಬೇಕಾದದ್ದು ಮಾತ್ರ ಇರುತ್ತದೆ. ಚಿಪ್ಪಿನ ದಪ್ಪ, ಗರಿಯ ಮಸಿ, ಹೊಟ್ಟೆಯೊಳಗಿನ ಆಹಾರ, ಡಿಎನ್‌ಎ ಅದರಲ್ಲಿಲ್ಲ. ಕೀಟಗಳ ವಿಷಯದಲ್ಲಂತೂ ಫೋಟೋ ಬಹಳ ಸಲ ಕೈಕೊಡುತ್ತದೆ. ಮಾವಿನ ಹೂವಿಗೆ ಕಾಟ ಕೊಡುವ ಜಿಗಿಹುಳುಗಳಲ್ಲಿ ಒಂದನ್ನು ಇನ್ನೊಂದರಿಂದ ಖಚಿತವಾಗಿ ಬೇರ್ಪಡಿಸಲು ಹಲವು ಸಲ ಗಂಡುಹುಳದ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಸಿ.ಎ. ವಿರಕ್ತಮಠ ಅವರು ಜೀವಮಾನವಿಡೀ ಇಂಥ ಜಿಗಿಹುಳುಗಳನ್ನು ಗುರುತಿಸಿ ಕಟ್ಟಿದ ಸಂಗ್ರಹ ಅದಕ್ಕಾಗಿಯೇ ಅಷ್ಟು ಮುಖ್ಯ. ಶತ್ರು ಯಾವುದೆಂದು ತಿಳಿಯದೆ ಔಷಧಿ ಹೊಡೆದರೆ ರೈತನ ದುಡ್ಡು ಹಾಳು.

ಇನ್ನೊಂದು ಸಂಗತಿ: ಹೊಸ ಪ್ರಭೇದಗಳು ಬಹಳ ಸಲ ಕಾಡಿನಲ್ಲಿ ಅಲ್ಲ, ಬೀರುವಿನಲ್ಲಿ ಸಿಗುತ್ತವೆ. ಒಂದು ಮಾದರಿ ಮ್ಯೂಸಿಯಂ ಸೇರಿದ ದಿನದಿಂದ ಅದು ಹೊಸ ಪ್ರಭೇದ ಎಂದು ಯಾರಾದರೂ ಗುರುತಿಸಿ ಬರೆಯುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆ ಎಂದು 2012ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ನಮ್ಮಲ್ಲೇ ನೋಡಿ, ಬಿಳಿಗಿರಿರಂಗನ ಬೆಟ್ಟದಲ್ಲಿ ವರ್ಷಗಳ ಹಿಂದೆ ಹಿಡಿದಿಟ್ಟಿದ್ದ ಕೀಟಗಳ ನಡುವೆ ಒಂದು ಕಣಜ ಇತ್ತು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಮುಂದೆ ಅದನ್ನು ಹೊಸ ಕುಲವೆಂದೇ ಗುರುತಿಸಿ, ಆ ಬೆಟ್ಟದ ಸೋಲಿಗರ ಗೌರವಾರ್ಥ ‘ಸೋಲಿಗ ಎಕ್ಯಾರಿನಾಟ’ ಎಂದು ಹೆಸರಿಟ್ಟರು.

ಹಾಗೆಂದು ಕೊಂದದ್ದೆಲ್ಲ ಸರಿ ಎಂದು ನಾನು ವಾದಿಸುವುದಿಲ್ಲ, ನೀವೂ ಆ ಹುಡುಗಿಗೆ ಹಾಗೆ ಹೇಳಬೇಡಿ. ಸಾಹೇಬರ ಕಾಲದ ಸಂಗ್ರಹಗಳಲ್ಲಿ ಅತಿರೇಕ ಬಹಳ ಇತ್ತು. ಬಾಂಬೆ ಸೊಸೈಟಿ 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆಯಲ್ಲಿ ಧಾರವಾಡ, ಉತ್ತರ ಕನ್ನಡ, ಕೊಡಗು, ಮೈಸೂರು ಸೀಮೆಗಳಿಂದಲೂ ಇಲಿ, ಬಾವಲಿ, ಅಳಿಲುಗಳ ರಾಶಿ ಹೋಯಿತು. ಅದರ ದೊಡ್ಡ ಪಾಲು ಲಂಡನ್ ಸೇರಿತು. ನಮ್ಮ ಸಂಶೋಧಕರು ನಮ್ಮೂರ ಇಲಿ ನೋಡಲು ವೀಸಾ ಪಡೆಯಬೇಕಾದ ಸ್ಥಿತಿ ಅಲ್ಲಿಂದಲೇ ಬಂದದ್ದು. ಈಗಿನ ನಡಾವಳಿ ಬೇರೆ. ಅರುಣಾಚಲದ ಈಗಲ್‌ನೆಸ್ಟ್‌ನಲ್ಲಿ ಬುಗುನ್ ಲಿಯೋಸಿಕ್ಲಾ ಎಂಬ ಹೊಸ ಹಕ್ಕಿ ಸಿಕ್ಕಾಗ ಅದನ್ನು ಗುರುತಿಸಿದ ರಮಣ ಆತ್ರೇಯ ಅವರು ಕೊಲ್ಲಲಿಲ್ಲ. ಕಂಡಿದ್ದೇ 14 ಹಕ್ಕಿಗಳು, ಒಂದನ್ನು ಕೊಂದರೂ ಹೆಚ್ಚು. ಹಿಡಿದು, ಉದುರಿದ ಗರಿ ಇಟ್ಟುಕೊಂಡು, ಫೋಟೋ ತೆಗೆದು, ಕೂಗು ದಾಖಲಿಸಿ ಬಿಟ್ಟುಬಿಟ್ಟರು, 2006ರಲ್ಲಿ ಹೆಸರಿಟ್ಟರು. ಎಲ್ಲಿ ಗರಿ ಸಾಕು, ಎಲ್ಲಿ ಇಡೀ ಮಾದರಿಯೇ ಬೇಕು ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಮುಗಿದಿಲ್ಲ. ನಿಮ್ಮ ತರಗತಿಯಲ್ಲೂ ಎರಡು ಗುಂಪು ಮಾಡಿ ವಾದಕ್ಕೆ ಬಿಡಿ. ಒಂಬತ್ತನೇ ತರಗತಿಗೆ ಇದಕ್ಕಿಂತ ಒಳ್ಳೆಯ ಜೀವವೈವಿಧ್ಯ ಪಾಠ ನನಗೆ ತೋಚುವುದಿಲ್ಲ.

ಇನ್ನು ಭೇಟಿಯ ವಿಷಯ. ಮೈಸೂರಿನ ಮ್ಯೂಸಿಯಂ 1995ರಲ್ಲಿ ಕೇಂದ್ರ ಪರಿಸರ ಸಚಿವಾಲಯ ತೆರೆದದ್ದು. ಸೋಮವಾರ ರಜೆ. ಪ್ರವಾಸದ ಬಸ್ಸುಗಳು ಮಾಡುವ ತಪ್ಪೆಂದರೆ ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟದ ನಡುವೆ ಅರ್ಧ ಗಂಟೆ ಇದಕ್ಕೆ ಕೊಡುವುದು. ಸಾಲಾಗಿ ನಡೆದು ಹೊರಬಂದರೆ ಏನೂ ಉಳಿಯುವುದಿಲ್ಲ. ಇಡೀ ಮ್ಯೂಸಿಯಂ ನೋಡುವ ಹಟ ಬಿಡಿ. ನಾಲ್ಕೈದು ಮಕ್ಕಳ ಗುಂಪಿಗೆ ಒಂದೊಂದು ಪ್ರದರ್ಶಿಕೆ ಕೊಟ್ಟು, ಅದರ ಮುಂದೆ ನೆಲದ ಮೇಲೆ ಕೂರಿಸಿ, ಪೆನ್ಸಿಲ್ಲಿನಲ್ಲಿ ಚಿತ್ರ ಬರೆಸಿ. ಚಿತ್ರ ಚೆನ್ನಾಗಿರಬೇಕಿಲ್ಲ, ಕೊಕ್ಕು ಎಷ್ಟು ಉದ್ದ, ಬೆರಳು ಎಷ್ಟು ಮುಂದೆ ಎಷ್ಟು ಹಿಂದೆ ಎಂದು ಬರೆಯುವಾಗಲೇ ಕಣ್ಣು ಕೆಲಸ ಶುರುಮಾಡುತ್ತದೆ. ಆ ಪ್ರದರ್ಶಿಕೆಯಲ್ಲಿ ತಪ್ಪು ಅಥವಾ ಕೊರತೆ ಏನಾದರೂ ಕಾಣುತ್ತದೆಯೇ ಎಂದೂ ಕೇಳಿ. ಘಾಟಿಯಲ್ಲಿ ಹುಟ್ಟಿ ಬೆಳೆದ ಮಕ್ಕಳು, “ಸಾರ್, ಮಳೆಗಾಲದಲ್ಲಿ ಇಷ್ಟು ಬೆಳಕು ಎಲ್ಲಿ ಇರುತ್ತೆ?” ಎಂದು ಕೇಳಿಯಾರು. ಅದು ಸರಿಯಾದ ಪ್ರಶ್ನೆಯೇ.

ಹೋಗುವ ಮೊದಲು ಮ್ಯೂಸಿಯಂಗೆ ಒಂದು ಪತ್ರ ಬರೆಯಿರಿ. ಶಾಲೆಗಳಿಗೆ ಅಲ್ಲಿ ಕಾರ್ಯಕ್ರಮಗಳಿವೆ. ಮೇ 22ರ ಜೀವವೈವಿಧ್ಯ ದಿನ, ಜೂನ್ 5ರ ಪರಿಸರ ದಿನ, ಅಕ್ಟೋಬರ್ ಮೊದಲ ವಾರದ ವನ್ಯಜೀವಿ ಸಪ್ತಾಹದ ಸಮಯದಲ್ಲಿ ಸ್ಪರ್ಧೆ, ಚಲನಚಿತ್ರ ಪ್ರದರ್ಶನಗಳು ನಡೆಯುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, “ಹುಲಿ ಉಳಿಸಿ” ಪೋಸ್ಟರ್ ಸ್ಪರ್ಧೆಗಿಂತ ಕಾರಂಜಿ ಕೆರೆಯ ದಂಡೆಯಲ್ಲಿ ಒಂದು ಗಂಟೆ ಹಕ್ಕಿ ಲೆಕ್ಕ ಹಾಕಿ ಬಂದು, ಒಳಗಿನ ಪ್ರದರ್ಶಿಕೆಗಳ ಜೊತೆ ಹೋಲಿಸುವುದು ಮೇಲು. ಹುಲಿ ಹೇಗೂ ಎಲ್ಲರಿಗೂ ಗೊತ್ತು. ಬೆಂಗಳೂರು ಕಡೆ ಹೋಗುವುದಾದರೆ ಭಾರತೀಯ ವಿಜ್ಞಾನ ಸಂಸ್ಥೆ ಎಲ್ಲರಿಗೂ ಬಾಗಿಲು ತೆರೆಯುವ ‘ಓಪನ್ ಡೇ’ ದಿನ ಹೋಗಿ. ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಕೃಷ್ಣಮೇಘ ಕುಂಟೆಯವರ ತಂಡ ಬೆಳೆಸಿರುವ ಚಿಟ್ಟೆಗಳ ಸಂಗ್ರಹವೂ, ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಕೀಟ ಸಂಗ್ರಹವೂ ಇವೆ. ಇವು ಸಂಶೋಧನೆಯ ಜಾಗಗಳು, ಮೊದಲೇ ಒಪ್ಪಿಗೆ ಪಡೆಯದೆ ಬಸ್ಸು ತಂದು ನಿಲ್ಲಿಸಬೇಡಿ.

ದೂರ ಹೋಗಲಾಗದಿದ್ದರೆ ಹತ್ತಿರದ ಹಳೆಯ ಡಿಗ್ರಿ ಕಾಲೇಜನ್ನು ವಿಚಾರಿಸಿ. ಪ್ರಾಣಿಶಾಸ್ತ್ರ ವಿಭಾಗವಿರುವ ಹಳೆಯ ಕಾಲೇಜುಗಳಲ್ಲಿ ಮೂಲೆಯಲ್ಲೊಂದು ಬೀರು, ಅದರಲ್ಲಿ ಬಾಟಲಿಗಳು, ಮೇಲೆ ಧೂಳು ಹಿಡಿದ ಒಂದೆರಡು ಹಕ್ಕಿಗಳು ಇದ್ದೇ ಇರುತ್ತವೆ. ಅಲ್ಲಿನ ಚೀಟಿಗಳು ದಿನೇ ದಿನೇ ಮಾಸುತ್ತಿವೆ. ಪ್ರಾಂಶುಪಾಲರ ಒಪ್ಪಿಗೆ ಪಡೆದು ಮಕ್ಕಳಿಂದ ಆ ಚೀಟಿಗಳ ಫೋಟೋ ತೆಗೆಸಿ, ಬರಹವನ್ನು ನೋಟ್‌ಬುಕ್ಕಿಗೆ ಇಳಿಸಿ ಕಾಲೇಜಿಗೆ ಒಂದು ಪ್ರತಿ ಕೊಡಿ. ಪ್ಯಾರಿಸ್ಸಿನಲ್ಲಿ, ಆಸ್ಟ್ರೇಲಿಯಾದಲ್ಲಿ, ವಾಷಿಂಗ್ಟನ್ನಿನಲ್ಲಿ ದೊಡ್ಡ ದೊಡ್ಡ ಮ್ಯೂಸಿಯಂಗಳು ಸಾವಿರಾರು ಸ್ವಯಂಸೇವಕರಿಂದ ಇದೇ ಕೆಲಸ ಮಾಡಿಸುತ್ತಿವೆ. ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಮ್ಯೂಸಿಯಂ 2016ರ ಏಪ್ರಿಲ್ 26ರ ನಸುಕಿನಲ್ಲಿ ಬೆಂಕಿಗೆ ಬೂದಿಯಾಯಿತು. 2018ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂ ಉರಿಯಿತು. ಬರೆದಿಟ್ಟ ಪ್ರತಿ ಇನ್ನೊಂದು ಕಡೆ ಇದ್ದರೆ ಅಷ್ಟಾದರೂ ಉಳಿಯುತ್ತದೆ. ಒಂದು ಎಚ್ಚರಿಕೆ ಮರೆಯಬೇಡಿ: ಹಳೆಯ ತೊಗಲುಗಳಿಗೆ ಹುಳ ಹತ್ತದಂತೆ ಆರ್ಸೆನಿಕ್ ಸವರುತ್ತಿದ್ದರು, ಬಾಟಲಿಗಳಲ್ಲಿ ಫಾರ್ಮಲಿನ್ ಇರಬಹುದು, ಎರಡೂ ವಿಷ. ಮಕ್ಕಳು ಮುಟ್ಟುವುದು ಬೇಡ, ಬಾಟಲಿ ತೆರೆಯುವುದಂತೂ ಬೇಡವೇ ಬೇಡ.

ಶಾಲೆಯಲ್ಲೇ ಒಂದು ಸಂಗ್ರಹ ಶುರುಮಾಡಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರಾಣಿ ಬೇಡ, ಚಿಟ್ಟೆಯೂ ಬೇಡ. ಗರಿ, ಗೂಡು, ಮೊಟ್ಟೆಗಳ ಆಸೆಗೆ ಬಿದ್ದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅರಣ್ಯದೊಳಗಿಂದ ಗಿಡ ತರಲು ಇಲಾಖೆಯ ಅನುಮತಿ ಬೇಕು. ಶಾಲೆಯ ಬೇಲಿ, ರಸ್ತೆ ಬದಿ, ಗದ್ದೆ ಬದುವಿನ ಕಳೆಗಿಡಗಳು ಸಾಕು. ತುಂಬೆ, ನಾಚಿಕೆಮುಳ್ಳು, ಒಂದೆಲಗ, ಲಂಟಾನ. ಕಾಂಗ್ರೆಸ್ ಗಿಡ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕೆಲವರಿಗೆ ಚರ್ಮ ತುರಿಸಿ ದದ್ದು ಏಳುತ್ತದೆ. ಹೂವೋ ಕಾಯಿಯೋ ಇರುವ ಕೊಂಬೆಯನ್ನೇ ಆರಿಸಿ, ಬರೀ ಎಲೆಯಿಂದ ಗುರುತಿಸುವುದು ಕಷ್ಟ. ಹಳೆಯ ದಿನಪತ್ರಿಕೆಯ ಮಡಿಕೆಯೊಳಗೆ ಎಲೆ ಬಿಡಿಸಿಟ್ಟು, ಮೇಲೊಂದು ಹಲಗೆ, ಅದರ ಮೇಲೆ ಕಲ್ಲು. ಪತ್ರಿಕೆಯನ್ನು ಮೊದಲ ಕೆಲವು ದಿನ ತಪ್ಪದೆ ಬದಲಿಸಬೇಕು. ನಿಮ್ಮ ಕಡೆಯ ಜುಲೈ ಮಳೆಯಲ್ಲಿ ಇದನ್ನು ಮಾಡಹೊರಟರೆ ಗಿಡ ಒಣಗುವ ಬದಲು ಬೂಷ್ಟು ಹಿಡಿಯುತ್ತದೆ. ಮಳೆ ಬಿಟ್ಟ ಮೇಲೆ ಮಾಡಿ, ಇಲ್ಲವೇ ಯಾರದಾದರೂ ಮನೆಯ ಸೌದೆ ಒಲೆಯ ಮೇಲಿನ ಅಟ್ಟ ಕೇಳಿ. ಒಣಗಿದ ಮೇಲೆ ದಪ್ಪ ಹಾಳೆಗೆ ದಾರದಲ್ಲಿ ಹೊಲಿದು ಕೂರಿಸಿ. ಹರ್ಬೇರಿಯಂ ಹಾಳೆ ಸುಮಾರು 42 ಸೆಂಟಿಮೀಟರ್ ಉದ್ದ, 28 ಅಗಲ ಇರುತ್ತದೆ. ಅದೇ ಅಳತೆ ಇಟ್ಟುಕೊಳ್ಳಿ.

ಚೀಟಿ ಬಲಗಡೆ ಕೆಳಮೂಲೆಯಲ್ಲಿ. ಊರಿನಲ್ಲಿ ಆ ಗಿಡಕ್ಕೆ ಏನನ್ನುತ್ತಾರೆ, ಯಾವ ಹಳ್ಳಿ, ಹಳ್ಳಿಯಲ್ಲಿ ಎಲ್ಲಿ, ದಿನಾಂಕ, ಗಿಡದ ಎತ್ತರ, ಹೂವಿನ ಬಣ್ಣ. ಬಣ್ಣ ಒಣಗಿದ ಮೇಲೆ ಹೋಗಿಬಿಡುತ್ತದೆ, ಅದಕ್ಕೇ ಬರೆಯಬೇಕು. ಕೊನೆಗೆ ತಂದ ಮಗುವಿನ ಹೆಸರು ಮತ್ತು ಕ್ರಮಸಂಖ್ಯೆ. ವೈಜ್ಞಾನಿಕ ಹೆಸರು ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ, ಊಹಿಸಿ ಬರೆಯಬೇಡಿ. ಪೆನ್ಸಿಲ್ ಅಥವಾ ನೀರಿಗೆ ಅಳಿಸದ ಇಂಕು ಬಳಸಿ, ಜೆಲ್ ಪೆನ್ ಬೇಡ. ಹಾಳೆಗಳನ್ನು ಬಿಗಿ ಮುಚ್ಚಳದ ಟ್ರಂಕಿನಲ್ಲಿಟ್ಟು ತಿಂಗಳಿಗೊಮ್ಮೆ ತೆರೆದು ಹುಳ ಬಿದ್ದಿದೆಯೇ ನೋಡಲು ಒಬ್ಬರಿಗೆ ಜವಾಬ್ದಾರಿ ಕೊಡಿ.

ಹೆಸರು ಹುಡುಕಲು ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ನಡೆಸುವ ದಕ್ಷಿಣ ಭಾರತದ ಸಸ್ಯಗಳ ಜಾಲತಾಣ ಇದೆ, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ, ಎರಡೂ ಉಚಿತ. ಜನರೇ ಸೇರಿ ಜೀವಿಗಳನ್ನು ಗುರುತಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಫೋಟೋ ಹಾಕಿದರೂ ಯಾರಾದರೂ ಹೇಳುತ್ತಾರೆ, ಆದರೆ ಒಬ್ಬರ ಮಾತನ್ನೇ ನಂಬಿ ಚೀಟಿ ತುಂಬಬೇಡಿ. ಮಕ್ಕಳ ಹೆಸರು, ಮುಖ ಅಂತರ್ಜಾಲಕ್ಕೆ ಹೋಗದಂತೆ ಶಾಲೆಯ ಒಂದೇ ಖಾತೆ ಬಳಸಿ. ಇಷ್ಟು ಮಾಡಿಯೂ ಗುರುತು ಸಿಗದ ಹಾಳೆ ಉಳಿದರೆ, ಅದರ ಮತ್ತು ಚೀಟಿಯ ಸ್ಪಷ್ಟ ಫೋಟೋ ತೆಗೆದು ಹರ್ಬೇರಿಯಂ ಇರುವ ಯಾವುದಾದರೂ ಸಂಸ್ಥೆಗೆ ಬರೆಯಿರಿ. ಉತ್ತರ ತಡವಾಗಬಹುದು. ಹಾಸನ ಜಿಲ್ಲೆಯ ಗಿಡ ಎಂದು ಪತ್ರದ ಮೊದಲ ಸಾಲಿನಲ್ಲೇ ಹೇಳಿಬಿಡಿ. ಹೋಲಿಸಿ ನೋಡಲು ಅವರಲ್ಲಿ ನಿಮ್ಮ ಜಿಲ್ಲೆಯ ಹಾಳೆಗಳಿದ್ದರೆ ನೇರ ಆ ಬೀರುವಿಗೇ ಹೋಗುತ್ತಾರೆ.